ನಾನು ತೆಗೆಸಿದ ಏಳನೆಯ ಸ್ಲೈಡು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಮೂರು ವಾರ ನಾನು ದಿನಚರಿ ಬರೆದಿದ್ದೇನೆ ನಿಜ. ಆದರೆ ಯಾವ ದಿನ ನನಗೆ ನನ್ನ ಮೇಲೇ ನಾಚಿಕೆಯಾಗಿತ್ತೋ ಆ ದಿನದ ಪುಟದಲ್ಲಿ ಮಳೆ, ಬಸ್ಸು, ಊಟ ಬಿಟ್ಟರೆ ಬೇರೇನೂ ಇಲ್ಲ. ಉಳಿದದ್ದನ್ನು ನೆನಪಿನಿಂದ ತುಂಬಿಸಿದ್ದೇನೆ. ನನ್ನ ನೆನಪಿಗೆ ನನ್ನ ಪರವಾಗಿ ಮಾತಾಡುವ ಚಾಳಿ ಇದೆ. ಹಾಗಾಗಿ ಎಲ್ಲಿ ನಾನು ಒಳ್ಳೆಯವಳಾಗಿ ಕಾಣುತ್ತೇನೋ ಅಲ್ಲಿ ಓದುವವರು ಸ್ವಲ್ಪ ಅನುಮಾನ ಇಟ್ಟುಕೊಳ್ಳಬೇಕು.

ಹುಣಸೂರಿನ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂ.ಎ. ಕೊನೆಯ ಸೆಮಿಸ್ಟರಿನವರು ಒಂದು ಕಿರು ಅಧ್ಯಯನ ಮಾಡಿ, ಅದನ್ನು ಪರೀಕ್ಷಕರ ಮುಂದೆ ನಿಂತು ಹೇಳಬೇಕು. ಹನ್ನೆರಡು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ. ಹತ್ತನೇ ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸಬೇಕು, ಹನ್ನೆರಡಕ್ಕೆ ಎರಡು ಸಲ. ಆ ವರ್ಷ ಹತ್ತೊಂಬತ್ತು ಜನ ಇದ್ದರು. ಅವರಲ್ಲಿ ಇಬ್ಬರನ್ನು ಮೈಸೂರಿನಲ್ಲಿ ನಡೆಯುವ ವಿದ್ಯಾರ್ಥಿಗಳ ವಿಚಾರ ಸಂಕಿರಣಕ್ಕೆ ಕಳಿಸುವುದು ರೂಢಿ. ಅಲ್ಲಿ ಚೆನ್ನಾಗಿ ಮಾತಾಡಿದವರನ್ನು ಹಳ್ಳಿಯ ಹೆಂಗಸರ ದುಡಿಮೆ ಕುರಿತ ಒಂದು ಸಂಶೋಧನಾ ಯೋಜನೆಗೆ ಕ್ಷೇತ್ರ ಸಹಾಯಕರಾಗಿ ತೆಗೆದುಕೊಳ್ಳುತ್ತಾರೆ ಎಂಬ ಸುತ್ತೋಲೆ ಆ ಸಲ ಬಂದಿತ್ತು. ಹಾಗಾಗಿ ತಾಲೀಮು ಜೋರಾಗಿತ್ತು, ಅದರ ಹೊಣೆ ನನ್ನದಾಗಿತ್ತು.

ತಾಲೀಮಿಗೆ ನಮ್ಮ ವಿಭಾಗದ ಮುಖ್ಯಸ್ಥರು ಮಾಡಿದ ಕ್ರಮವೊಂದಿದೆ. ಮೊದಲ ಸುತ್ತಿನಲ್ಲಿ ಕಾಗದ ನೋಡಿ ಹೇಳಬಹುದು. ಎರಡನೆಯದರಲ್ಲಿ ಕಾಗದ ಇಲ್ಲ. ಮೂರನೆಯದರಲ್ಲಿ ಮುಂದಿನ ಕುರ್ಚಿಯಲ್ಲಿ ವಿಭಾಗದ ಅಟೆಂಡರ್ ಕೂರುತ್ತಾರೆ. ಅವರು ಎಲ್ಲಿ ಆಕಳಿಸಿದರು, ಎಲ್ಲಿ ಮೊಬೈಲು ತೆಗೆದರು ಎಂದು ನಾನು ಗುರುತು ಹಾಕಿಕೊಳ್ಳಬೇಕು. ಅಲ್ಲಿ ಕತ್ತರಿ. ಇಪ್ಪತ್ತು ವರ್ಷದಿಂದ ಪ್ರಬಂಧಗಳನ್ನು ಕೇಳಿ ಕೇಳಿ ಅಟೆಂಡರಿಗೂ ಒಂದು ಎಂ.ಎ. ಕೊಡಬಹುದು ಎಂದು ಮುಖ್ಯಸ್ಥರು ತಮಾಷೆ ಮಾಡುತ್ತಿದ್ದರು. ಅಟೆಂಡರ್ ಅದನ್ನು ತಮಾಷೆ ಎಂದುಕೊಂಡಿರಲಿಲ್ಲ.

ಮೊದಲ ಸುತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಊರಿನ ಸಮಾರಂಭಗಳಲ್ಲಿ ಭಾಷಣ ಕೇಳಿ ಬೆಳೆದವರು, ಮಾತು ಎಂದರೆ ಮೊದಲು ವಂದನೆ ಎಂದುಕೊಂಡಿರುತ್ತಾರೆ. ಹಾರನಹಳ್ಳಿ ಕಡೆಯ ಹುಡುಗನೊಬ್ಬ ಮಹಿಳಾ ಸ್ವಸಹಾಯ ಸಂಘಗಳ ಮೇಲೆ ಮಾತಾಡಲು ನಿಂತು, ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ’ ಎಂದು ಕೈ ಮುಗಿದ. ಆ ಕಡೆ ಪ್ರೊಜೆಕ್ಟರಿನ ಖಾಲಿ ಡಬ್ಬಿ ಬಿಟ್ಟರೆ ಯಾರೂ ಇರಲಿಲ್ಲ. ಅವನ ನಾಲ್ಕು ನಿಮಿಷ ವಂದನೆಗೇ ಹೋಯಿತು. ಕೋಟೆ ತಾಲ್ಲೂಕಿನ ಕಡೆಯಿಂದ ಬರುವ ಹುಡುಗಿ ಆನೆ ಹಾವಳಿಯ ಬಗ್ಗೆ ಹೇಳುತ್ತಾ ಪ್ರತಿ ಸ್ಲೈಡಿಗೂ ಕ್ಷಮೆ ಕೇಳುತ್ತಿದ್ದಳು. ನಾನು ನಗುತ್ತಾ, ಗದರುತ್ತಾ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ಆ ದಿನಗಳ ದಿನಚರಿ ಉದ್ದುದ್ದ ಇದೆ. ಖುಷಿಯಾಗಿದ್ದೆ ಎಂದು ಕಾಣುತ್ತದೆ.

ನಾನು ಹೇಳಬೇಕಾದ ವಿದ್ಯಾರ್ಥಿನಿ ಹನಗೋಡಿನ ಆಚೆಯ ಒಂದು ಹಳ್ಳಿಯವಳು. ತಂದೆ ತಾಯಿ ಇಬ್ಬರೂ ಕೂಲಿ. ತಾಯಿ ಹೊಗೆಸೊಪ್ಪಿನ ಕಾಲದಲ್ಲಿ ಬೇರೆಯವರ ಬ್ಯಾರನ್‌ಗೆ ಸೊಪ್ಪು ಕಟ್ಟಲು ಹೋಗುತ್ತಾರೆ. ಹೊಲದಿಂದ ಮುರಿದು ತಂದ ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗೆ ದಾರದಲ್ಲಿ ಕಟ್ಟಿ, ಆ ಕಡ್ಡಿಗಳನ್ನು ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಯಲ್ಲಿ ಐದಾರು ದಿನ ಬೆಂಕಿ ಇಟ್ಟು ಬೇಯಿಸುತ್ತಾರೆ. ಅವಳ ಅಧ್ಯಯನ ಈ ಸೊಪ್ಪು ಕಟ್ಟುವ ಹೆಂಗಸರ ಮೇಲೆ. ಅದಕ್ಕೆ ನಾನೇ ಮಾರ್ಗದರ್ಶಕಿ. ಪರೀಕ್ಷೆ ಮುಗಿದ ಮೇಲೆ ಅವಳು ಗಾರ್ಮೆಂಟ್ಸ್ ಬಸ್ಸು ಹತ್ತುವುದೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಮೈಸೂರಿನ ಆ ಕೆಲಸ ಸಿಕ್ಕಿದರೆ ಮಾತ್ರ ಬೇರೆ ದಾರಿ. ಇದನ್ನು ಅವಳು ನನಗೆ ಹೇಳಿದ್ದಳು. ನನಗೆ ಗೊತ್ತಿತ್ತು ಎಂಬುದನ್ನು ಇಲ್ಲೇ ಬರೆದಿಡುತ್ತೇನೆ.

ಮೊದಲ ಸುತ್ತಿನಲ್ಲಿ ಅವಳದು ಸಪ್ಪೆ. ದಿನಕ್ಕೆ ಎಷ್ಟು ಗಂಟೆ ದುಡಿಮೆ, ಎಷ್ಟು ಜನರಿಗೆ ಬೆನ್ನು ನೋವು, ಎಷ್ಟು ಜನರಿಗೆ ಶಾಲೆ, ಇಷ್ಟೇ. ಹತ್ತೊಂಬತ್ತು ಜನರಲ್ಲಿ ಎಂಟನೆಯವಳೋ ಒಂಬತ್ತನೆಯವಳೋ ಆಗಿದ್ದಳು. ಊರಿಗೆ ಹೋಗಿ ಇನ್ನಷ್ಟು ಮಾತಾಡಿಸಿಕೊಂಡು ಬಾ, ಅಂಕಿ ಕಡಿಮೆ ಮಾಡು, ಮನುಷ್ಯರನ್ನು ತಾ ಎಂದೆ. ಆ ಸಲಹೆ ಕೊಟ್ಟವಳು ನಾನೇ.

ಎರಡನೆಯ ಸುತ್ತಿಗೆ ಅವಳು ಒಂದು ಕಡ್ಡಿ, ದಾರದ ಉಂಡೆ, ಗೋಣಿಚೀಲದಲ್ಲಿ ಸುತ್ತಿದ ಹಸಿ ಹೊಗೆಸೊಪ್ಪು ಹಿಡಿದು ಬಂದಳು. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಟಿಕೆಟ್ ತಗೋ ಎಂದನಂತೆ. ತರಗತಿಯಲ್ಲಿ ಹಸಿ ಎಲೆಯ ಘಾಟು ತುಂಬಿತು. ಅವಳು ಯಾರಿಗೂ ವಂದಿಸಲಿಲ್ಲ. ಕಡ್ಡಿಯನ್ನು ಎರಡು ಕುರ್ಚಿಗಳ ಮೇಲೆ ಅಡ್ಡ ಇಟ್ಟು, ಎರಡೆರಡು ಎಲೆಯ ದಂಟು ಸೇರಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ದಾರದ ಕುಣಿಕೆಗೆ ಸಿಕ್ಕಿಸುತ್ತಾ ಮಾತು ಶುರು ಮಾಡಿದಳು. ಕೈ ನೋಡಿಕೊಳ್ಳಲಿಲ್ಲ, ನಮ್ಮನ್ನು ನೋಡುತ್ತಿದ್ದಳು. ನಡುನಡುವೆ ಅಂಟಿನಿಂದ ಕಪ್ಪಾದ ಬೆರಳಲ್ಲಿ ಸ್ಲೈಡು ಬದಲಿಸುತ್ತಿದ್ದಳು. ಬೆನ್ನು ನೋವಿನ ಅಂಕಿ ಹೇಳುವ ಹೊತ್ತಿಗೆ ಅವಳೂ ಬಗ್ಗಿಯೇ ಇದ್ದಳು.

ಏಳನೆಯ ಸ್ಲೈಡಿನಲ್ಲಿ ಒಂದು ಫೋಟೋ ಮಾತ್ರ ಇತ್ತು. ಬ್ಯಾರನ್ನಿನ ಒಲೆಯ ಬಾಯಿ, ಅದರ ಮುಂದೆ ಸೌದೆ ಹಿಡಿದ ಒಂದು ಮುದಿ ಕೈ. ಅದನ್ನು ತೋರಿಸಿಕೊಂಡು ಅವಳು ಹೇಳಿದ್ದು ಇಷ್ಟು. ಮುಟ್ಟಾದ ಹೆಂಗಸು ಆ ಮೂರು ದಿನ ಬ್ಯಾರನ್ನಿನ ನೆರಳಿಗೂ ಬರಬಾರದು, ಬಂದರೆ ಸೊಪ್ಪು ಕರ್ರಗಾಗುತ್ತದೆ ಎಂದು ಆ ಊರಲ್ಲಿ ನಂಬಿಕೆ. ಬೆಂಕಿ ಹೆಚ್ಚುಕಡಿಮೆಯಾಗಿ ಸೊಪ್ಪು ಕೆಟ್ಟರೂ ಮೊದಲು ಕೇಳುವುದು ಹೆಂಗಸರನ್ನು, ಯಾರು ಹೊರಗಾಗಿದ್ದಿರಿ ಎಂದು. ಒಬ್ಬ ರೈತ ಮಹಿಳೆ ಮದುವೆಯಾಗಿ ಬಂದ ಹೊಸದರಲ್ಲಿ, ಬ್ಯಾರನ್ ತುಂಬಿಸಿ ಬೆಂಕಿ ಹಚ್ಚಿದ ಮೇಲೆ ಗಂಡ ಜ್ವರದಲ್ಲಿ ಮಲಗಿದ. ಅವತ್ತೇ ಆಕೆಗೆ ಮುಟ್ಟು. ಆಕೆ ಯಾರಿಗೂ ಹೇಳಲಿಲ್ಲ. ಐದು ದಿನ ತಾನೇ ಬೆಂಕಿ ಕಾದಳು. ಎಲೆಯ ನಡುದಂಟನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಸದ್ದು ಕೇಳಿ ಹದ ತಿಳಿದಳು. ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂತು. ಬೆಂಕಿ ಹಚ್ಚಿದವನು ಗಂಡ ಎಂದು, ಆ ಸಲದ ಬ್ಯಾರನ್ನು ಇವತ್ತಿಗೂ ಆ ಮನೆಯಲ್ಲಿ ಅವನ ಕೈಗುಣಕ್ಕೆ ಉದಾಹರಣೆ. ಅಂದಿನಿಂದ ಸೊಪ್ಪಿನ ಕಾಲದಲ್ಲಿ ಆಕೆ ತನ್ನ ದಿನಗಳನ್ನು ಯಾರಿಗೂ ಹೇಳಲಿಲ್ಲ. ಸೊಪ್ಪು ಕಟ್ಟಲು ಬರುವ ಹೆಂಗಸರಿಗೂ ಹೇಳಬೇಡಿರೆಂದು ಕಿವಿಯಲ್ಲಿ ಹೇಳಿಕೊಟ್ಟಳು. ಅವರಲ್ಲಿ ತನ್ನ ತಾಯಿಯೂ ಒಬ್ಬಳು ಎಂದು ಹೇಳಿ, ಉಳಿದೆರಡು ಅಂಕಿಪಟ್ಟಿಗಳನ್ನು ಬೇಗ ತೋರಿಸಿ, ಮತ್ತೆ ಆ ಫೋಟೋಗೇ ಬಂದು ವಿದ್ಯಾರ್ಥಿನಿ ಕಡ್ಡಿಯ ಕೊನೆಯ ಗಂಟು ಹಾಕಿದಳು. ಹನ್ನೊಂದು ನಿಮಿಷ ನಲವತ್ತು ಸೆಕೆಂಡು.

ಹಿಂದಿನ ಬೆಂಚಿನ ಹುಡುಗರು ಚಪ್ಪಾಳೆ ಹೊಡೆದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಮುಂಗೈ ಮೇಲೆ ಹಚ್ಚೆಯ ತುಳಸಿಕಟ್ಟೆ, ಎಡಗಡೆ ಅರ್ಧಕ್ಕೇ ನಿಂತಿದೆ. ಹಚ್ಚೆ ಹಾಕಿಸಿಕೊಳ್ಳುವಾಗ ನೋವು ತಡೆಯದೆ ಕೈ ಕಿತ್ತುಕೊಂಡು ಓಡಿದ್ದ ಹುಡುಗಿಯ ಕೈ ಅದು. ನನ್ನ ಸೋದರತ್ತೆಯ ಕೈ.

ನನ್ನ ತಂದೆಯ ಊರು ಹೊಸ ಅಗ್ರಹಾರದ ಹತ್ತಿರ, ನಾಲೆ ನೀರಿನ ಭತ್ತದ ಸೀಮೆ. ಅಲ್ಲಿಂದ ಅತ್ತೆಯನ್ನು ಹನಗೋಡು ಕಡೆಗೆ ಕೊಟ್ಟರು. ಹತ್ತು ವರ್ಷದ ಹಿಂದೆ ನಾನು ಪಿಎಚ್.ಡಿ.ಗೆ ಸೇರಿದಾಗ ಆರಿಸಿಕೊಂಡ ವಿಷಯ ಹೊಗೆಸೊಪ್ಪಿನ ಬೆಳೆ ಮತ್ತು ಹೆಂಗಸರ ದುಡಿಮೆ. ನಮ್ಮತ್ತೆಯೇ ಇದ್ದಾರಲ್ಲ ಎಂಬ ಧೈರ್ಯವೇ ಅದಕ್ಕೆ ಮುಖ್ಯ ಕಾರಣ. ನಲವತ್ತು ಪ್ರಶ್ನೆಗಳ ಪಟ್ಟಿ ಮಾಡಿ, ರೆಕಾರ್ಡರ್ ಹಿಡಿದು ಅವರ ಮನೆಯಲ್ಲಿ ಮೂರು ದಿನ ಇದ್ದೆ. ಅತ್ತೆ ಕೋಳಿ ಸಾರು ಮಾಡಿದರು, ತಲೆಗೆ ಎಣ್ಣೆ ಹಚ್ಚಿದರು. ಪ್ರಶ್ನೆ ಕೇಳಿದರೆ, ಕಟ್ಟೋದು, ಬೇಯ್ಸೋದು, ಇನ್ನೇನೈತೆ ಎಂದರು. ನನ್ನ ನಾಲ್ಕನೆಯ ಅಧ್ಯಾಯ ಅಲ್ಲೇ ನಿಂತಿತು. ಪಿಎಚ್.ಡಿ. ನಿಂತದ್ದಕ್ಕೆ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಅತ್ತೆಯ ಮೇಲೆ ಹಾಕುವುದು ನ್ಯಾಯವಲ್ಲ. ಆದರೂ ಆ ಅಧ್ಯಾಯ ತುಂಬಿದ್ದರೆ ನಾನು ಇವತ್ತು ‘ಅತಿಥಿ’ಯಾಗಿ ಉಳಿಯುತ್ತಿರಲಿಲ್ಲ ಎಂದು ಮನಸ್ಸಿನಲ್ಲಿ ಎಷ್ಟೋ ಸಲ ಅಂದುಕೊಂಡಿದ್ದೇನೆ. ಈಗ ಒಬ್ಬ ಹುಡುಗಿ ಎರಡು ದಿನ ಊರಿಗೆ ಹೋಗಿ ಬಂದು, ಹನ್ನೆರಡು ನಿಮಿಷದೊಳಗೆ ಆ ಅಧ್ಯಾಯವನ್ನು ನನ್ನ ಕಣ್ಣ ಮುಂದೆ ಹೇಳಿ ಮುಗಿಸಿದ್ದಳು.

ಹೊಟ್ಟೆಕಿಚ್ಚು ಎಂಬ ಪದ ಆ ದಿನದ ದಿನಚರಿಯಲ್ಲಿ ಇಲ್ಲ. ‘ಸಂಜೆ ತುಂತುರು ಮಳೆ. ಚಿತ್ರಾನ್ನ’ ಎಂದಿದೆ.

ಉಳಿದವರು ಹೋದ ಮೇಲೆ ಅವಳನ್ನು ಕೂರಿಸಿಕೊಂಡು, ಏಳನೆಯ ಸ್ಲೈಡು ತೆಗಿ ಎಂದೆ. ಒಬ್ಬರ ಮಾತು ಪುರಾವೆ ಆಗುವುದಿಲ್ಲ, ಹೆಸರಿಲ್ಲದ ಮೂಲವನ್ನು ಪರೀಕ್ಷಕರು ಒಪ್ಪುವುದಿಲ್ಲ, ಮನೆಯ ಗುಟ್ಟನ್ನು ಸಭೆಯಲ್ಲಿ ಹೇಳುವುದು ಅಧ್ಯಯನದ ನೀತಿಗೆ ಸರಿಹೋಗುವುದಿಲ್ಲ. ಮೂರೂ ಪುಸ್ತಕದಲ್ಲಿ ಇರುವ ಮಾತೇ. ಮೂರನ್ನೂ ಸಮಾಧಾನದ ಧ್ವನಿಯಲ್ಲಿ ಹೇಳಿದೆ. ಅದು ನಮ್ಮತ್ತೆಯ ಕೈ ಎಂದು ಮಾತ್ರ ಹೇಳಲಿಲ್ಲ.

ಅವಳು ಒಂದೊಂದೇ ಬೆರಳಿನ ಅಂಟನ್ನು ಉಜ್ಜಿಕೊಂಡಳು. ಆಮೇಲೆ, “ಅವ್ರನ್ನ ಕೇಳೇ ಹಾಕಿದ್ದು ಮೇಡಂ. ಎಸ್ರು ಬ್ಯಾಡ ಕಣವ್ವ, ಕೈ ಬೇಕಾರೆ ತೋರ್ಸು ಅಂದ್ರು” ಅಂದಳು.

“ಅವರಿಗೇನು ಗೊತ್ತಾಗುತ್ತೆ, ಅಧ್ಯಯನ ಅಂದ್ರೆ ಏನು ಅಂತ?” ಎಂದೆ. ಈ ವಾಕ್ಯ ನನಗೆ ಪದ ಪದವಾಗಿ ನೆನಪಿದೆ.

ಅವಳು ಸರಿ ಮೇಡಂ ಎಂದು ಎದ್ದಳು. ಕಡ್ಡಿ ತರುವುದೂ ಬೇಡವಾ ಎಂದು ಬಾಗಿಲ ಹತ್ತಿರ ತಿರುಗಿ ಕೇಳಿದಳು. ಘಾಟು ಜಾಸ್ತಿ, ಕೆಲವರಿಗೆ ಆಗಿಬರುವುದಿಲ್ಲ ಎಂದೆ.

ಮೂರನೆಯ ಸುತ್ತಿಗೆ ಮುಖ್ಯಸ್ಥರೂ ಬಂದು ಕೂತರು, ಹೆಸರು ಕಳಿಸಲು ಎರಡೇ ದಿನ ಉಳಿದಿದ್ದರಿಂದ. ವಿದ್ಯಾರ್ಥಿನಿ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಖಾಲಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಆರನೆಯ ಸ್ಲೈಡು ಮುಗಿದ ಮೇಲೆ ಒಂದು ಕ್ಷಣ ನಿಂತು, ಎಂಟಕ್ಕೆ ಹೋದಳು. ಒಂಬತ್ತು ನಿಮಿಷಕ್ಕೇ ಮುಗಿಯಿತು. ಅಟೆಂಡರ್ ಐದನೇ ನಿಮಿಷಕ್ಕೇ ಮೊಬೈಲು ತೆಗೆದಿದ್ದರು. ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ, “ಮೇಡಂ, ಓದ್ ಸಲಿ ನಾನು ಬಾಗ್ಲತ್ರ ನಿಂತ್ಕಂಡು ಕೇಳಿದ್ನಲ್ಲ, ಬೆಂಕಿ ಕಾದಮ್ಮನ ಇಸ್ಯ, ಅದೆಲ್ಲೋಯ್ತು? ಅದಿಲ್ದಿದ್ರೆ ರೇಷನ್ ಕಾರ್ಡ್ ಓದ್ದಂಗೈತೆ ಕಣ್ರೀ” ಅಂದರು.

ಹುಡುಗರು ನಕ್ಕರು. ವಿದ್ಯಾರ್ಥಿನಿ ನಗಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಯಾವ ವಿಷಯ ಎಂದು ಮುಖ್ಯಸ್ಥರು ಕೇಳಿದರು. ಮೂಲ ದುರ್ಬಲವಾಗಿತ್ತು ಸರ್, ನಾನೇ ತೆಗೆಸಿದೆ ಎಂದೆ. ಅವರು ತಲೆಯಾಡಿಸಿ, ಹಾಗಾದರೆ ಇದು ಸಾಲದು ಎಂದು ತಮ್ಮ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಆ ಗೆರೆ ಎಳೆದ ಸದ್ದು ಕೇಳಿಸಿತು ಎಂದು ನನ್ನ ನೆನಪು. ಪೆನ್ಸಿಲ್ಲಿಗೆ ಅಷ್ಟು ಸದ್ದು ಇರುವುದಿಲ್ಲ ಎಂಬುದೂ ಗೊತ್ತು.

ಅವತ್ತು ಸಂಜೆ ಬಾಡಿಗೆ ಮನೆಗೆ ಬಂದು ಅಟ್ಟದ ಮೇಲಿನ ಪಿಎಚ್.ಡಿ. ಕಡತ ಇಳಿಸಿದೆ. ಅತ್ತೆಯ ಸಂದರ್ಶನದ ಹಾಳೆ ಹುಡುಕಿದೆ. ನಲವತ್ತು ಪ್ರಶ್ನೆಗಳ ಎದುರು ನನ್ನ ಅಚ್ಚುಕಟ್ಟಾದ ಕೈಬರಹ. ಹದಿಮೂರನೆಯ ಪ್ರಶ್ನೆ, ‘ತಂಬಾಕು ಸಂಸ್ಕರಣಾ ಹಂತದಲ್ಲಿ ಮಹಿಳೆಯ ಪಾತ್ರ ಯಾವ ಬಗೆಯದು?’ ಉತ್ತರ, ‘ಏನೂ ಇಲ್ಲ.’ ಈ ಪ್ರಶ್ನೆಯನ್ನು ನಾನು ಅತ್ತೆಯ ಹತ್ತಿರ ಈ ಭಾಷೆಯಲ್ಲೇ ಕೇಳಿದ್ದೆನಾ? ಇರಲಾರದು ಎಂದುಕೊಂಡೆ. ಕೇಳಿರಲೂಬಹುದು. ಹಾಳೆಯ ಅಂಚಿನಲ್ಲಿ ‘ಮಾವ ಪಕ್ಕದಲ್ಲೇ ಕೂತಿದ್ದಾರೆ’ ಎಂದು ಸಣ್ಣಕ್ಷರದಲ್ಲಿ ಬರೆದುಕೊಂಡಿದ್ದೆ. ಅದನ್ನು ನಾನು ಪೂರ್ತಿ ಮರೆತಿದ್ದೆ. ಮಾವ ತೀರಿಕೊಂಡು ಈಗ ಮೂರು ವರ್ಷ.

ಇದರಿಂದ ಮನಸ್ಸು ತಿಳಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾವ ಬದುಕಿದ್ದಾಗಲೇ ಅತ್ತೆ ಆ ಹುಡುಗಿಯ ತಾಯಿಗೆ ಹೇಳಿದ್ದರಲ್ಲ ಎಂದು ಇನ್ನಷ್ಟು ಉರಿಯಿತು. ಕೂಲಿಗೆ ಬಂದವರ ಕಿವಿಯಲ್ಲಿ ಹೇಳಿದ್ದನ್ನು ತಮ್ಮನ ಮಗಳಿಗೆ ಹೇಳಲಿಲ್ಲ. ಈ ವಾಕ್ಯವನ್ನು ಮನಸ್ಸಿನಲ್ಲಿ ಎರಡನೆಯ ಸಲ ಅಂದುಕೊಂಡಾಗ ಅದರೊಳಗಿನ ‘ಕೂಲಿಗೆ ಬಂದವರ’ ಎಂಬ ಪದ ನನಗೇ ಕೇಳಿಸಿತು. ಸೊಪ್ಪು ಕಟ್ಟುವ ಹೆಂಗಸರ ಬಗ್ಗೆ ಪಿಎಚ್.ಡಿ. ಮಾಡಲು ಹೊರಟಿದ್ದವಳು ನಾನು. ಕಡತ ಮುಚ್ಚಿದೆ.

ಮಾರನೆಯ ದಿನ ಮೊದಲ ಅವಧಿಗೆ ಮುಂಚೆಯೇ ಮುಖ್ಯಸ್ಥರ ಕೊಠಡಿಗೆ ಹೋದೆ. ಏನು ಹೇಳಬೇಕೆಂದು ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ ಅಭ್ಯಾಸ ಮಾಡಿಕೊಂಡಿದ್ದೆ. ಮರುಚಿಂತನೆ ಮಾಡಿದೆ, ಮೂಲ ಪರಿಶೀಲಿಸಿದೆ ಎಂದೆಲ್ಲ. ಎದುರು ಕೂತಾಗ ಅದು ಯಾವುದೂ ಬರಲಿಲ್ಲ.

“ಆ ಫೋಟೋದಲ್ಲಿರೋ ಕೈ ನಮ್ಮತ್ತೆದು ಸರ್. ಅದಕ್ಕೇ ತೆಗೆಸಿದೆ.”

ಅವರು ಕನ್ನಡಕ ತೆಗೆದರು. “ನಿಮ್ಮತ್ತೆ ಅಂತ ತೆಗೆಸಿದ್ರೋ, ನಿಮಗೆ ಹೇಳ್ಲಿಲ್ಲ ಅಂತ ತೆಗೆಸಿದ್ರೋ?”

ನನ್ನ ಪಿಎಚ್.ಡಿ. ವಿಷಯ ಅವರಿಗೆ ಗೊತ್ತಿತ್ತು. ನಾನು ಅವರ ಮೇಜಿನ ಮೇಲಿನ ಪಟ್ಟಿಯ ಗೆರೆ ನೋಡಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಸ್ಲೈಡು ವಾಪಸ್ಸು ಹಾಕಿಸಿ, ಹೆಸರು ಕಳಿಸಲು ಇನ್ನೊಂದು ದಿನ ಕೇಳುತ್ತೇನೆ, ನಾಳೆಯ ಅಂತಿಮ ಮಂಡನೆ ನೋಡಿ ನಿರ್ಧಾರ ಮಾಡೋಣ ಎಂದರು. ಸಂಬಂಧಿಕರ ವಿಷಯ ಬಂದಿರುವುದರಿಂದ ನಾನು ಅಂಕ ಹಾಕುವುದು ಬೇಡ, ಗಂಟೆ ನೋಡಿಕೊಂಡರೆ ಸಾಕು ಎಂದರು. ಶಿಕ್ಷೆಯ ಧಾಟಿಯಲ್ಲಿ ಹೇಳಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ವಿದ್ಯಾರ್ಥಿನಿ ಗ್ರಂಥಾಲಯದಲ್ಲಿ ಇದ್ದಳು. ಏಳನೆಯದನ್ನು ಮತ್ತೆ ಹಾಕಿಕೋ, ನಾನು ಹೇಳಿದ್ದು ತಪ್ಪು ಎಂದೆ. ಯಾಕೆ ತಪ್ಪು ಎಂದು ಅವಳು ಕೇಳಿದ್ದರೆ ಹೇಳುತ್ತಿದ್ದೆ ಎಂದು ನಂಬಿಕೊಂಡಿದ್ದೇನೆ. ಅವಳು ಕೇಳಿದ್ದು ಬೇರೆ. “ಕಡ್ಡಿ ತರ್ಲಾ ಮೇಡಂ?” ತಾ ಎಂದೆ. ಸೊಪ್ಪು ಇವತ್ತು ಮುರಿದದ್ದೇ ಬೇಕು, ಹಾಗಾದರೆ ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋಗಬೇಕು ಎಂದು ಅಲ್ಲಿಂದಲೇ ಓಡಿದಳು. ಅವಳು ಹೋಗುವುದು ಯಾರ ಹೊಲಕ್ಕೆ ಎಂದು ನನಗೆ ಗೊತ್ತಿತ್ತು. ಅತ್ತೆ ಅವಳಿಗೆ ಒಳ್ಳೆಯ ಎಲೆ ಆರಿಸಿ ಕೊಡುವುದನ್ನು ಊಹಿಸಿಕೊಂಡು, ಆ ಮಧ್ಯಾಹ್ನ ಪಾಠ ಮಾಡಿದೆ.

ಅಂತಿಮ ಮಂಡನೆಗೆ ಮೈಸೂರಿನಿಂದ ಒಬ್ಬ ಪರೀಕ್ಷಕಿ ಬಂದಿದ್ದರು. ನಾನು ಪಕ್ಕದ ಮೇಜಿನಲ್ಲಿ ಹಿತ್ತಾಳೆಯ ಗಂಟೆ ಮತ್ತು ಮೊಬೈಲು ಇಟ್ಟುಕೊಂಡು ಕೂತೆ. ವಿದ್ಯಾರ್ಥಿನಿಯ ಸರದಿ ಊಟಕ್ಕೆ ಮುಂಚಿನ ಕೊನೆಯದು. ಹಸಿದ ಹೊತ್ತು, ಘಾಟು ಬೇರೆ. ಪರೀಕ್ಷಕಿ ಕರವಸ್ತ್ರ ಮೂಗಿಗೆ ಹಿಡಿದರು. ಎರಡು ನಿಮಿಷದೊಳಗೆ ಅದನ್ನು ಮಡಿಲಿಗೆ ಇಳಿಸಿ ಮುಂದಕ್ಕೆ ಬಾಗಿದ್ದರು. ಏಳನೆಯ ಸ್ಲೈಡು ಬಂತು. ಬೆಂಕಿಯ ಮುಂದಿನ ಐದು ದಿನಗಳು ಬಂದವು. ನಾನು ಗಂಟೆ ಬಾರಿಸಿದೆ.

ಇಲ್ಲಿ ನನ್ನನ್ನು ನಾನು ನಂಬಲಾರೆ. ದಿನಚರಿಯಲ್ಲಿ ‘ಹತ್ತಕ್ಕೆ ಸರಿಯಾಗಿ’ ಎಂದಿದೆ. ಯಾರೂ ಕೇಳದೆ ‘ಸರಿಯಾಗಿ’ ಎಂದು ಯಾಕೆ ಬರೆದೆ? ಊಟದ ಹೊತ್ತಿಗೆ ಅಟೆಂಡರ್ ಹತ್ತಿರ ಬಂದು, ಒಸಿ ಬೇಗ ಬಾರಿಸ್‌ಬುಟ್ರಿ ಅಲ್ವ್ರಾ ಎಂದು ಕೇಳಿದ್ದರು. ಮೊಬೈಲಿನಲ್ಲಿ ಒಂಬತ್ತು ಇತ್ತೋ ಹತ್ತು ಇತ್ತೋ, ನಾನು ನೋಡಿದೆನೋ ಇಲ್ಲವೋ, ಕಣ್ಣು ಮುಚ್ಚಿದರೆ ಅಂಕಿ ಕಾಣುವುದಿಲ್ಲ. ಗಂಟೆಯ ತಲೆ ಒತ್ತಿದ ಅಂಗೈ ಮಾತ್ರ ಕಾಣುತ್ತದೆ.

ಗಂಟೆಗೆ ಅವಳ ಕೈ ನಿಲ್ಲಲಿಲ್ಲ. ಒಂದು ಸಲ ನನ್ನ ಕಡೆ ನೋಡಿ, ಎಂಟು ಮತ್ತು ಒಂಬತ್ತನೆಯ ಸ್ಲೈಡುಗಳ ಅಂಕಿಪಟ್ಟಿಗಳನ್ನು ಬಿಟ್ಟುಬಿಟ್ಟಳು. ಉಳಿದ ಸಮಯವನ್ನೆಲ್ಲ ಆ ಒಲೆಯ ಮುಂದೆಯೇ ಕಳೆದಳು. ತಾಲೀಮಿನಲ್ಲಿ ನಾನು ಹೇಳಿಕೊಟ್ಟದ್ದು ಇದನ್ನೇ, ಸಮಯ ಸಾಲದಿದ್ದರೆ ಅಂಕಿ ಬಿಡಿ, ಮನುಷ್ಯರನ್ನು ಬಿಡಬೇಡಿ ಎಂದು.

ಪ್ರಶ್ನೆಯ ಹೊತ್ತಿನಲ್ಲಿ ಪರೀಕ್ಷಕಿ, ಇದು ಒಬ್ಬರೇ ಹೇಳಿದ ಮಾತು, ಆಕೆ ಕಟ್ಟಿ ಹೇಳಿರಬಹುದಲ್ಲ ಎಂದು ಕೇಳಿದರು. ನಾನು ಕುರ್ಚಿಯ ಅಂಚಿಗೆ ಬಂದೆ. ನನ್ನದೇ ಪ್ರಶ್ನೆ ಅದು. ಸ್ಲೈಡು ತೆಗೆಸುವಾಗ ನನ್ನ ಹತ್ತಿರ ಇದ್ದ ಗಟ್ಟಿ ಕಾರಣ.

ಅವಳು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಬೆಂಕಿ ಕಾದಿದ್ದು ಸುಳ್ಳೇ ಇರ್ಬೋದು ಮೇಡಂ. ಅದಕ್ಕೆ ನನ್ನತ್ರ ಸಾಕ್ಷಿ ಇಲ್ಲ. ಆದ್ರೆ ಗಂಡ ಇರೋವರ್ಗೂ ಸೊಪ್ಪಿನ ಕಾಲದಲ್ಲಿ ತನ್ನ ದಿನಗಳನ್ನ ಬಚ್ಚಿಟ್ಕೊಂಡಿದ್ದು ಸುಳ್ಳಲ್ಲ. ನಮ್ಮಮ್ಮನೂ ಬಚ್ಚಿಟ್ಟವ್ರೆ. ನಾನು ಹೇಳಕ್ಕೆ ಹೊರಟಿರೋದು ಬಚ್ಚಿಡೋ ಕೆಲ್ಸದ ಬಗ್ಗೆ.”

ಪರೀಕ್ಷಕಿ ಬರೆದುಕೊಂಡರು. ನನಗೆ ಆ ಉತ್ತರ ಹೊಳೆಯುತ್ತಿರಲಿಲ್ಲ. ಹತ್ತು ವರ್ಷ ಕೊಟ್ಟಿದ್ದರೂ ಹೊಳೆಯುತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಉರಿದದ್ದು ಅವಳಿಗೆ ಸಿಕ್ಕ ವಿಷಯಕ್ಕೆ. ಆಗ ಮೊದಲ ಸಲ ಅವಳ ಬುದ್ಧಿಯ ಮೇಲೆಯೇ ಹೊಟ್ಟೆಕಿಚ್ಚಾಯಿತು. ಇದು ಮೊದಲಿನದಕ್ಕಿಂತ ಕೊಂಚ ಶುದ್ಧವಾದ ಹೊಟ್ಟೆಕಿಚ್ಚು ಎಂದು ಸಮಾಧಾನ ಮಾಡಿಕೊಂಡೆ.

ಇಬ್ಬರಲ್ಲಿ ಒಬ್ಬಳಾಗಿ ಅವಳ ಹೆಸರು ಹೋಯಿತು. ಮೈಸೂರಿನಲ್ಲಿ ಅವಳು ಮಾತಾಡುವುದನ್ನು ಕೇಳಲು ನಾನು ಹೋಗಲಿಲ್ಲ. ಬಸ್ಸು ಸಿಗಲಿಲ್ಲ ಎಂದು ಹೇಳಿದೆ. ಸುಳ್ಳು, ಬಸ್ಸು ಇತ್ತು. ಕ್ಷೇತ್ರ ಸಹಾಯಕಿಯ ಕೆಲಸ ಅವಳಿಗೆ ಸಿಕ್ಕಿತು. ಸದ್ಯಕ್ಕೆ ಆರು ತಿಂಗಳು, ಆಮೇಲೆ ನೋಡೋಣ ಎಂದಿದ್ದಾರಂತೆ. ಮನೆಯಲ್ಲಿ ಗಾರ್ಮೆಂಟ್ಸ್ ಮಾತು ನಿಂತಿದೆಯಂತೆ.

ಕೆಲಸಕ್ಕೆ ಸೇರುವ ಮುಂಚೆ ಅವಳು ಒಂದು ದಿನ ವಿಭಾಗಕ್ಕೆ ಬಂದಳು. ನಾನೂ ಇದೇ ವಿಷಯ ಮಾಡುತ್ತಿದ್ದೆ ಎಂದು ಮುಖ್ಯಸ್ಥರು ಹೇಳಿದರಂತೆ, ನನ್ನ ಹಳೆಯ ಪ್ರಶ್ನಾವಳಿ ಮತ್ತು ಟಿಪ್ಪಣಿ ಕೊಡಬಹುದಾ ಎಂದು ಕೇಳಿದಳು. ಆ ಕೈ ನಮ್ಮತ್ತೆಯದು ಎಂದು ಆಗ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ.

“ಗೊತ್ತಿತ್ತು ಮೇಡಂ. ನಮ್ ತಮ್ಮನ್ ಮಗ್ಳು ನಿಮ್ ಕಾಲೇಜಲ್ಲೇ ಅವ್ಳೆ ಅಂತ ಅವ್ರೇ ಮೊದ್ಲೇ ಹೇಳಿದ್ರು. ನೀವಾಗೇ ಹೇಳ್ಲಿಲ್ವಲ್ಲ, ಅದಕ್ಕೆ ನಾನೂ ಸುಮ್ಕಾದೆ.”

ಅಂದರೆ ನಾನು ಸ್ಲೈಡು ತೆಗಿ ಎಂದಾಗಲೂ ಅವಳಿಗೆ ಗೊತ್ತಿತ್ತು. ಅವಳು ಬೆರಳು ಉಜ್ಜುತ್ತಾ ಹೊತ್ತು ಕಳೆದದ್ದು ಅದಕ್ಕೇ ಇರಬೇಕು. ನಾನು ಮನೆಯಿಂದ ಕಡತ ತಂದುಕೊಟ್ಟೆ. ಅತ್ತೆಯ ಸಂದರ್ಶನದ ಹಾಳೆ ಮಾತ್ರ ತೆಗೆದಿಟ್ಟುಕೊಂಡೆ. ಅದರಲ್ಲಿ ಯಾರಿಗೂ ಉಪಯೋಗವಾಗುವಂಥದ್ದು ಏನೂ ಇಲ್ಲ.

ಇದಾದ ಮೇಲೆ ಒಂದು ಭಾನುವಾರ ಅತ್ತೆಯ ಊರಿಗೆ ಹೋದೆ. ಬೆಂದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವ ಕೆಲಸ ನಡೆದಿತ್ತು. ಬ್ಯಾರನ್ ಪಕ್ಕದ ಚಪ್ಪರದಲ್ಲಿ ಅತ್ತೆ ಮತ್ತು ಇನ್ನೂ ನಾಲ್ಕು ಹೆಂಗಸರು ಕಾಲು ಚಾಚಿ ಕೂತಿದ್ದರು, ವಿದ್ಯಾರ್ಥಿನಿಯ ತಾಯಿಯೂ ಇದ್ದರು. ನನ್ನನ್ನು ಕಂಡು ಅವರ ನಗೆ ನಿಂತಿತು, ಅಥವಾ ನಿಂತಿತು ಎಂದು ನನಗೆ ಅನ್ನಿಸಿತು. ಅತ್ತೆ, “ಬಾ ಮಗಾ, ಒಂಚೂರೂ ಮೈ ಕೈ ತುಂಬ್ಕಂಡಿಲ್ವಲ್ಲ, ಕಾಲೇಜ್ನೋರು ಊಟಕ್ಕೇ ಬುಡಲ್ವಾ” ಎಂದು ಪಕ್ಕದಲ್ಲಿ ಜಾಗ ಮಾಡಿದರು.

ನಾನೂ ಎಲೆ ಕೈಗೆ ತೆಗೆದುಕೊಂಡೆ. ಯಾವುದು ಯಾವ ಗುಡ್ಡೆಗೆ ಎಂದು ತಿಳಿಯದೆ ಒಂದೊಂದನ್ನೂ ಅತ್ತೆಗೆ ತೋರಿಸಿ ಹಾಕುತ್ತಿದ್ದೆ. ಇದನ್ನೆಲ್ಲ ಬರೆಯಬೇಕು ಎಂದಿದ್ದೇನೆ, ಹೆಸರು ಹಾಕುವುದಿಲ್ಲ ಎಂದೆ. ಬರ್ಕೊ, ಇನ್ಯಾರು ಕೇಳೋರು ಅವ್ರೆ ಎಂದು ಅತ್ತೆ ನಕ್ಕರು. ಹೆಂಗಸರು ನೀರು ಕುಡಿಯಲು ಎದ್ದು ಹೋದಾಗ ನಾವಿಬ್ಬರೇ ಉಳಿದೆವು. ನಾನು ಆ ಹುಡುಗಿಯ ಸ್ಲೈಡು ತೆಗೆಸಿದ್ದನ್ನು ಹೇಳಿದೆ. ಯಾಕೆ ತೆಗೆಸಿದೆ ಎಂಬುದನ್ನೂ ಹೇಳಿದೆ. ಗಂಟೆಯ ವಿಷಯ ಹೇಳಿದೆನೋ ಇಲ್ಲವೋ ನೆನಪಿಲ್ಲ. ಅತ್ತೆ ಕೇಳಿಸಿಕೊಳ್ಳುತ್ತಲೇ ಒಂದು ಎಲೆಯನ್ನು ಬೆಳಕಿಗೆ ಹಿಡಿದು, ಮಡಿಲ ಮೇಲೆ ಹರವಿ, ಸುಕ್ಕು ನೀವುತ್ತಾ ಕೂತಿದ್ದರು.

ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. ಅಷ್ಟರಲ್ಲಿ ಹೆಂಗಸರು ವಾಪಸ್ಸು ಬಂದರು. ಆ ಎಲೆಯನ್ನು ಯಾವ ಗುಡ್ಡೆಗೂ ಹಾಕದೆ ಅತ್ತೆ ನನ್ನ ಕೈಗೆ ಕೊಟ್ಟು, ಸಾರಿಗೆ ಒಗ್ಗರಣೆ ಹಾಕಬೇಕು ಎಂದು ಒಳಗೆ ಹೋದರು. ಅದಾದ ಮೇಲೂ ಎರಡು ಸಲ ಹೋಗಿ ಬಂದಿದ್ದೇನೆ. ಊಟ, ಎಣ್ಣೆ, ನಗು ಎಲ್ಲ ಮೊದಲಿನಂತೆಯೇ ಇವೆ. ಉತ್ತರ ಮಾತ್ರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

“ಅತ್ತೆ, ಅವತ್ತು ನಂಗೆ ಹೇಳಿದ್ರೆ ನಾನೇನು ಮಾಡ್ಬಿಡ್ತೀನಿ ಅಂದ್ಕೊಂಡಿದ್ರಿ?”